ನಗಬೇಕಾ ಬೇಡ್ವಾ ಅಂತ ನನ್ನ ಮುಖ ನೋಡ್ಬೇಡಿ

ಹೋದ ವರ್ಷ ಅರಸೀಕೆರೆ ಹತ್ರ ಒಂದು ಮದುವೆಗೆ ಹೋಗಿದ್ವಿ. ಊಟದ ಹಾಲ್ ಬಾಗಿಲು ಇನ್ನೂ ತೆಗೆದಿರಲಿಲ್ಲ. ಎಲ್ಲರೂ ಮೊದಲನೇ ಪಂಕ್ತಿಗೆ ನುಗ್ಗೋಕೆ ರೆಡಿಯಾಗಿ ನಿಂತಿದ್ರು. ಒಬ್ಬರು ಆಂಟಿ ಬಂದು ನನ್ನನ್ನ ಒಂದ್ಸಲ, ನನ್ನ ವೀಲ್‌ಚೇರನ್ನ ಒಂದ್ಸಲ ನೋಡಿ, ಹಿಂದೆ ನಿಂತಿದ್ದ ನನ್ನ ತಮ್ಮನನ್ನ ಕೇಳಿದ್ರು: "ಏನಾಯ್ತಪ್ಪ, ಪಾಪ, ಇವಳಿಗೆ?"

ತಮ್ಮ ಮುಖ ಸಣ್ಣಗೆ ಮಾಡ್ಕೊಂಡು, "ದಾಂಡೇಲಿಗೆ ಹೋಗಿದ್ವಿ ಆಂಟಿ. ಕಾಳಿ ನದಿ. ಮೊಸಳೆ" ಅಂದ.

ಆಂಟಿ ಎದೆ ಮೇಲೆ ಕೈ ಇಟ್ಕೊಂಡ್ರು. ಆಮೇಲೆ ನಿಧಾನಕ್ಕೆ ಕೆಳಗೆ ನೋಡಿ, ಹೊಸ ಚಪ್ಪಲಿ ಹಾಕಿದ್ದ ನನ್ನ ಎರಡೂ ಪಾದ ನೋಡಿ, "ಕಾಲು ಇದೆಯಲ್ಲಪ್ಪ?" ಅಂದ್ರು.

"ಮೊಸಳೆಗೆ ರುಚಿ ಹಿಡಿಸ್ಲಿಲ್ಲ ಆಂಟಿ. ವಾಪಸ್ ಕೊಟ್ಬಿಡ್ತು."

ನಾನು ಸೀರೆ ಸೆರಗು ಬಾಯಿಗೆ ತುರ್ಕೊಂಡು ನಕ್ಕೆ. ಆಂಟಿ ಸೀದಾ ಹೋಗಿ ಅಮ್ಮನಿಗೆ ಕಂಪ್ಲೇಂಟ್ ಮಾಡಿದ್ರು. ಅಮ್ಮ ಬಂದು ತಮ್ಮನಿಗೆ ಎಲ್ಲರ ಮುಂದೆ ಬೈದ್ರು. ಬೈತಾ ಬೈತಾ ಅವರ ತುಟಿ ನಡುಗ್ತಿತ್ತು. ಕೊನೆಗೆ ಕಂಬದ ಹಿಂದೆ ಹೋಗಿ ನಕ್ಕು ಬಂದ್ರು.

ಈ ಕಥೆಯನ್ನ ನಾನು ಹಾಸ್ಟೆಲ್ ಮೆಸ್ಸಲ್ಲಿ ಮೊದಲ ಸಲ ಹೇಳಿದಾಗ ಏನಾಯ್ತು ಗೊತ್ತಾ? ನಾಲ್ಕು ಜನ ಹುಡುಗಿಯರು ತಟ್ಟೆ ನೋಡ್ತಾ ಕೂತ್ರು. ಒಬ್ಬಳು ಮೆಲ್ಲಗೆ "ಸಾರಿ ಕಣೇ" ಅಂದಳು. ನಾನು ಜೋಕ್ ಹೇಳಿದ್ದೆ, ಅವಳು ಸಂತಾಪ ಸೂಚಿಸಿದಳು. ಅವತ್ತು ಅವರು ನಗಬೇಕಾ ಬೇಡ್ವಾ ಅಂತ ನನ್ನ ಮುಖ ನೋಡಿದ ರೀತಿ ನನಗೆ ಇನ್ನೂ ನೆನಪಿದೆ. ಈ ಬರಹ ಆ ನೋಟದ ಬಗ್ಗೆ. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಮ್, ಕನ್ನಡದಲ್ಲಿ ಉದ್ದಕ್ಕೆ ಬರೆದು ಅಭ್ಯಾಸ ಇಲ್ಲ. ಆದ್ರೆ ನಮ್ಮನೆಯ ಜೋಕುಗಳೆಲ್ಲ ಕನ್ನಡದಲ್ಲೇ ಇರೋದರಿಂದ ಬೇರೆ ದಾರಿ ಇಲ್ಲ.

ವೀಲ್‌ಚೇರ್ ನಮ್ಮನೆಗೆ ಬಂದಿದ್ದು ನಾನು ಒಂಬತ್ತನೇ ಕ್ಲಾಸಲ್ಲಿದ್ದಾಗ. ಮೊದಲ ಐದಾರು ತಿಂಗಳು ಮನೇಲಿ ಯಾರೂ ನಗಲಿಲ್ಲ. ಟಿವಿ ಸೌಂಡ್ ಕೂಡ ಕಮ್ಮಿ ಇರ್ತಿತ್ತು. ಬಂದ ನೆಂಟರೆಲ್ಲ ಅಮ್ಮನ ಕೈ ಹಿಡ್ಕೊಂಡು ಅತ್ತು, ಕಾಫಿ ಕುಡಿದು ಹೋಗ್ತಿದ್ರು. ಒಂದು ದಿನ ನಾನು ಮಂಚದ ಮೇಲೆ ಮಲಗಿದ್ದಾಗ ತಮ್ಮ ನನ್ನ ವೀಲ್‌ಚೇರ್ ಎತ್ಕೊಂಡು ಹೋಗಿ ಹಾಲ್‌ನಲ್ಲಿ ರೇಸ್ ಬಿಟ್ಟ. ಬ್ರೇಕ್ ಎಲ್ಲಿದೆ ಅಂತ ಗೊತ್ತಿಲ್ಲದೆ ಸೀದಾ ಹೋಗಿ ಟಿವಿ ಸ್ಟ್ಯಾಂಡಿಗೆ ಗುದ್ದಿದ. ಅಮ್ಮ ಅಡುಗೆಮನೆಯಿಂದ ಲಟ್ಟಣಿಗೆ ಸಮೇತ ಓಡಿಬಂದ್ರು. ಅವನು ವೀಲ್‌ಚೇರಲ್ಲೇ ರಿವರ್ಸ್ ಹೋಗ್ತಾ, "ಹೊಡೀಬೇಡಮ್ಮ, ನಾನೀಗ ಅಂಗವಿಕಲ!" ಅಂತ ಕೂಗಿದ. ನಾನು ಮಂಚದ ಮೇಲೆ ನಕ್ಕು ನಕ್ಕು ಕೆಮ್ಮಿದೆ. ಅಮ್ಮ ಅಲ್ಲೇ ನೆಲದ ಮೇಲೆ ಕೂತು ನಗೋಕೆ ಶುರು ಮಾಡಿದ್ರು, ಆಮೇಲೆ ಅತ್ರು, ಆಮೇಲೆ ಮತ್ತೆ ನಕ್ಕರು.

ಅಪ್ಪ ಮಾತ್ರ ಎದ್ದು ಹೊರಗೆ ಹೋದ್ರು.

ಅಪ್ಪ ನಗೋಕೆ ಎರಡು ವರ್ಷ ಬೇಕಾಯ್ತು. ಅವತ್ತು ಆಯುಧ ಪೂಜೆ. ಅಪ್ಪ ಬೆಳಿಗ್ಗೆಯಿಂದ ಸ್ಕೂಟರ್ ತೊಳೆದು, ಬಾಳೆಕಂದು ಕಟ್ಟಿ, ಕುಂಬಳಕಾಯಿ ರೆಡಿ ಮಾಡ್ತಿದ್ರು. ಅಜ್ಜಿ ಹೊರಗೆ ಬಂದು, "ಮಗು ಗಾಡಿಗೆ ಪೂಜೆ ಇಲ್ವೇನೋ?" ಅಂತ ಕೇಳಿದ್ರು. ಅಪ್ಪನಿಗೆ ಅರ್ಥ ಆಗ್ಲಿಲ್ಲ. ಅಜ್ಜಿ ನನ್ನನ್ನ ಜಗಲಿ ಮೇಲೆ ಕೂರಿಸಿ, ವೀಲ್‌ಚೇರನ್ನ ಸ್ಕೂಟರ್ ಪಕ್ಕ ನಿಲ್ಲಿಸಿ, ಚಕ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಸ್ಕೂಟರಿಗೆ ಎರಡೇ ನಿಂಬೆಹಣ್ಣು, ನನಗೆ ನಾಲ್ಕು. ಬೀದಿಯಲ್ಲಿ ಹೋಗ್ತಿದ್ದ ಪಕ್ಕದ ಮನೆ ಅಂಕಲ್ ನಿಂತು ನೋಡಿದ್ರು. ಏನೋ ಸಮಾಧಾನ ಹೇಳೋಕೆ ಅವರು ಬಾಯಿ ತೆಗೀತಿದ್ದಾಗ ಅಪ್ಪ, "ಹೊಸ ಗಾಡಿ ಸಾರ್. ಪೆಟ್ರೋಲ್ ಬೇಡ, ರಾಗಿಮುದ್ದೆ ಹಾಕಿದ್ರೆ ಓಡುತ್ತೆ" ಅಂದ್ರು. ಅಂದು, ತಾವೇ ಜೋರಾಗಿ ನಕ್ಕರು. ಆ ವರ್ಷ ನಿಂಬೆಹಣ್ಣಿನ ಮೇಲೆ ಗಾಡಿ ಹತ್ತಿಸುವಾಗ ಹಿಂದಿನಿಂದ ತಳ್ಳಿದ್ದು ಅಪ್ಪ. ಅದಕ್ಕೂ ಮುಂಚೆ ಅವರು ನನ್ನ ವೀಲ್‌ಚೇರ್ ಕಡೆ ಸರಿಯಾಗಿ ನೋಡಿದ್ದನ್ನೇ ನಾನು ಕಂಡಿರಲಿಲ್ಲ.

ಆಮೇಲೆ ಮನೇಲಿ ಜೋಕಿಗೆ ಬರ ಇಲ್ಲ. ಮಾರ್ಕೆಟ್ಟಿಗೆ ಹೋದ್ರೆ ಅಮ್ಮ ಕೈಚೀಲ ತರೋದನ್ನೇ ಬಿಟ್ಟಿದ್ದಾರೆ. ಟೊಮೇಟೊ, ಸೊಪ್ಪು, ತೆಂಗಿನಕಾಯಿ ಎಲ್ಲ ನನ್ನ ಮಡಿಲಿಗೆ. ಒಂದ್ಸಲ ಇಳಿಜಾರಲ್ಲಿ ತೆಂಗಿನಕಾಯಿ ಉರುಳಿಹೋಯ್ತು. ಅದನ್ನ ಹಿಡಿಯೋಕೆ ಅಮ್ಮ ನನ್ನ ಕೈಬಿಟ್ಟು ಓಡಿದ್ರು. ನಾನು ಬ್ರೇಕ್ ಹಾಕ್ಕೊಂಡು, "ಅಮ್ಮಾ, ಮೂವತ್ತು ರೂಪಾಯಿ ತೆಂಗಿನಕಾಯಿಗೆ ಮಗಳನ್ನೇ ಬಿಟ್ಟೆಯಾ?" ಅಂತ ಕೂಗಿದೆ. ಹೋಟೆಲಿಗೆ ಹೋದ್ರೆ ಸಪ್ಲೈಯರ್ ನನ್ನ ಕಡೆ ನೋಡದೆ ತಮ್ಮನನ್ನ ಕೇಳ್ತಾರೆ, "ಇವರಿಗೆ ಏನು ಕೊಡ್ಲಿ?" ತಮ್ಮನ ಉತ್ತರ ಯಾವಾಗಲೂ ಒಂದೇ: "ಅವಳನ್ನೇ ಕೇಳಿ ಸಾರ್, ಬಿಲ್ ಕೊಡೋದು ಅವಳೇ." ನಾನು ಕೊಡಲ್ಲ. ಆದ್ರೆ ಆಮೇಲೆ ಸಪ್ಲೈಯರ್ ನನ್ನ ಜೊತೆ ತುಂಬಾ ಮರ್ಯಾದೆಯಿಂದ ಮಾತಾಡ್ತಾರೆ.

ಈಗ ನಿಮಗೆ ಒಂದು ಪ್ರಶ್ನೆ ಬರಬಹುದು. ಮನೆಯವರು ಜೋಕ್ ಮಾಡಿದ್ರೆ ನಗ್ತೀಯ, ಬೇರೆಯವರು ಮಾಡಿದ್ರೆ ಮುಖ ಊದಿಸ್ಕೋತೀಯ, ಇದು ಯಾವ ನ್ಯಾಯ? ಸರಿಯಾದ ಪ್ರಶ್ನೆನೇ. ನಾನೂ ತುಂಬಾ ಯೋಚನೆ ಮಾಡಿದ್ದೀನಿ.

ಹೋದ ಫೆಸ್ಟ್‌ನಲ್ಲಿ ಒಬ್ಬರು ಸೀನಿಯರ್ ಸ್ಟ್ಯಾಂಡ್‌ಅಪ್ ಮಾಡಿದ್ರು. ಚೆನ್ನಾಗೇ ಮಾಡ್ತಿದ್ರು. ಮಧ್ಯದಲ್ಲಿ ಕುಂಟುತ್ತಾ ನಡೆಯೋ ಒಬ್ಬ ಮೇಷ್ಟ್ರ ಮಿಮಿಕ್ರಿ ಬಂತು. ಜೋಕ್ ಅಂದ್ರೆ ಇಷ್ಟೇ, ಅವರು ಕುಂಟ್ತಾರೆ. ಹಾಲ್ ಪೂರ್ತಿ ನಕ್ಕಿತು. ನಕ್ಕ ಎರಡನೇ ಸೆಕೆಂಡಿಗೆ ನನ್ನ ಸಾಲಿನವರೆಲ್ಲ ತಿರುಗಿ ನನ್ನ ಮುಖ ನೋಡಿದ್ರು. ಪರ್ಮಿಶನ್ ಬೇಕಿತ್ತು ಅನ್ಸುತ್ತೆ. ನಾನು ನಕ್ಕುಬಿಟ್ಟೆ. ನಗದಿದ್ರೆ ಸಂಜೆಯೆಲ್ಲ ಹಾಳಾಗುತ್ತೆ, "ಅವಳಿಗೆ ಸೆನ್ಸ್ ಆಫ್ ಹ್ಯೂಮರ್ ಇಲ್ಲ" ಅಂತಾರೆ ಅಂತ ನಕ್ಕೆ. ಆ ನಗುವಿನ ಬಗ್ಗೆ ಇವತ್ತಿಗೂ ನನಗೆ ಬೇಜಾರಿದೆ.

ಮೊಸಳೆ ಜೋಕಿನಲ್ಲಿ ನಾವು ನಕ್ಕಿದ್ದು ನನ್ನ ಕಾಲಿಗಲ್ಲ. ಗುರುತು ಪರಿಚಯ ಇಲ್ಲದ ಹುಡುಗಿಯ ಮೆಡಿಕಲ್ ಹಿಸ್ಟರಿ ಊಟಕ್ಕೆ ಮುಂಚೆ ತಿಳ್ಕೊಳ್ಳೋ ಹಕ್ಕಿದೆ ಅಂದ್ಕೊಂಡ ಆಂಟಿಗೆ. ಸಪ್ಲೈಯರ್ ಜೋಕಿನಲ್ಲಿ, ವೀಲ್‌ಚೇರಲ್ಲಿ ಕೂತವರಿಗೆ ಇಡ್ಲಿ ಬೇಕೋ ದೋಸೆ ಬೇಕೋ ಅಂತ ಹೇಳೋಕೂ ಬರಲ್ಲ ಅನ್ನೋ ನಂಬಿಕೆಗೆ. ಸೀನಿಯರ್ ಜೋಕಿನಲ್ಲಿ ಆ ಮೇಷ್ಟ್ರ ಕಾಲು ಬಿಟ್ರೆ ಬೇರೆ ಏನೂ ಇರ್ಲಿಲ್ಲ. ಇನ್ನೂ ಒಂದು ವಿಷಯ ಇದೆ. ರಾತ್ರಿ ಎರಡು ಗಂಟೆಗೆ ನನ್ನ ಕಾಲು ಸೆಟೆದುಕೊಂಡು ನೋವಾದಾಗ ನಿದ್ದೆಗಣ್ಣಲ್ಲಿ ಎದ್ದುಬಂದು ಹಿಡ್ಕೊಂಡು ಕೂರೋದು ಅದೇ ತಮ್ಮ. ಅವನ ಜೋಕಿನ ಹಿಂದೆ ಅಷ್ಟು ರಾತ್ರಿಗಳಿವೆ.

ಇದು ನನ್ನ ಮನೆಯ ಲಾಜಿಕ್ ಮಾತ್ರ ಅಲ್ಲ. ಒಂದು ಹಿಂದಿ ಸಿನಿಮಾದಲ್ಲಿ ವಿಕಲಚೇತನರನ್ನ ತೋರಿಸಿದ ರೀತಿ ಸರಿಯಿಲ್ಲ ಅಂತ ನಿಪುಣ್ ಮಲ್ಹೋತ್ರಾ ಅವರು ಹಾಕಿದ್ದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ತೀರ್ಪು ಕೊಟ್ಟಿತು. ಅದರಲ್ಲಿ ಕೋರ್ಟ್ ಎರಡು ಬಗೆಯ ಹಾಸ್ಯವನ್ನ ಬೇರೆ ಮಾಡಿ ನೋಡಿದೆ. ಒಂದು, ವೈಕಲ್ಯದ ಬಗ್ಗೆ ಜನರಿಗಿರೋ ತಪ್ಪು ತಿಳುವಳಿಕೆಯನ್ನ ಪ್ರಶ್ನೆ ಮಾಡೋ, ಅರ್ಥ ಮಾಡಿಸೋ ಹಾಸ್ಯ. ಇನ್ನೊಂದು, ವಿಕಲಚೇತನರನ್ನೇ ಕೀಳು ಮಾಡೋ ಹಾಸ್ಯ. ವೈಕಲ್ಯದ ಬಗ್ಗೆ ನಗಲೇಬಾರದು ಅಂತ ಕೋರ್ಟ್ ಹೇಳಲಿಲ್ಲ. ಅದನ್ನ ಓದಿದಾಗ ನಮ್ಮ ತಮ್ಮನಿಗೆ ಸುಪ್ರೀಂ ಕೋರ್ಟ್ ಸಪೋರ್ಟ್ ಸಿಕ್ಕಿದಷ್ಟು ಖುಷಿಯಾಯ್ತು.

ಅಂದಹಾಗೆ 'ವಿಕಲಚೇತನ' ಅನ್ನೋ ಪದ ನನಗೆ ಸರಿಯಾಗಿ ಪರಿಚಯ ಆಗಿದ್ದು ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕುವಾಗ. ಅಜ್ಜಿಯನ್ನ ಅರ್ಥ ಕೇಳಿದೆ. ವಿಕಲ ಅಂದ್ರೆ ಕೊರತೆ ಇರೋದು, ಚೇತನ ಅಂದ್ರೆ ಜೀವ, ಮನಸ್ಸು ಅಂದ್ರು. ಅಂದು ನನ್ನನ್ನ ಮೇಲಿಂದ ಕೆಳಗೆ ನೋಡಿ, "ನಿಂಗೆ ಚೇತನ ಸ್ವಲ್ಪ ಜಾಸ್ತಿನೇ ಆಗಿದೆ, ಕಮ್ಮಿ ಮಾಡೋ ಅರ್ಜಿ ಇದ್ರೆ ಹಾಕು" ಅಂದ್ರು. ನಮ್ಮ ಕ್ಯಾಂಪಸ್ಸಲ್ಲಿ ನಿಜವಾಗಲೂ ಚೇತನ ವಿಕಲವಾಗಿರೋದು ಹಳೇ ಬ್ಲಾಕಿನ ಲಿಫ್ಟಿಗೆ.

ಈಗ ಕಹಿ ವಿಷಯಕ್ಕೆ ಬರ್ತೀನಿ. ಕೆಟ್ಟ ಜೋಕಿಗಿಂತ ನನಗೆ ಜಾಸ್ತಿ ನೋವು ಮಾಡೋದು ಜೋಕೇ ಇಲ್ಲದ ಮೌನ. ಥರ್ಡ್ ಸೆಮ್‌ನಲ್ಲಿ ನಮ್ಮ ಕ್ಲಾಸಿನವರು ಮುಳ್ಳಯ್ಯನಗಿರಿಗೆ ಹೋದ್ರು. ಪ್ಲಾನ್ ಮಾಡೋಕೆ ನನ್ನನ್ನ ಬಿಟ್ಟು ಬೇರೆ ವಾಟ್ಸಾಪ್ ಗ್ರೂಪ್ ಮಾಡಿದ್ರು. ನನಗೆ ಗೊತ್ತಾಗಿದ್ದು ಯಾರದ್ದೋ ಸ್ಟೇಟಸ್ ನೋಡಿದಾಗ. ಕೇಳಿದ್ರೆ, "ನಿನಗೆ ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ ಕಣೇ. ಮೇಲೆ ಮೆಟ್ಟಿಲಿದೆ ಅಲ್ವಾ." ಹೌದು, ಮೆಟ್ಟಿಲಿದೆ, ನನಗೂ ಗೊತ್ತು. 1,930 ಮೀಟರ್ ಎತ್ತರ, ಕರ್ನಾಟಕದ ಅತಿ ಎತ್ತರದ ಶಿಖರ, ಪಿಯುಸಿಗೂ ಮುಂಚೆ ಓದಿದ್ದೀನಿ. ನಾನು ಕೆಳಗೆ ಗಾಡಿ ಹತ್ರ ಕೂತು ಮಂಜು ನೋಡ್ಕೊಂಡು, ನೀವು ಏದುಸಿರು ಬಿಡ್ತಾ ವಾಪಸ್ ಬರೋದನ್ನ ವಿಡಿಯೊ ಮಾಡ್ತಿದ್ದೆ. ಅಥವಾ "ಬೇಡಪ್ಪ, ಚಳಿ, ನಾನು ಹಾಸ್ಟೆಲಲ್ಲೇ ಮಲಗ್ತೀನಿ" ಅಂತಿದ್ದೆ. ಬರಲ್ಲ ಅಂತ ಹೇಳೋ ಅವಕಾಶವಾದ್ರೂ ನಂದಾಗಿರ್ಬೇಕಿತ್ತು.

ಅವರು ಕೆಟ್ಟವರಲ್ಲ. ನನ್ನ ನೋಟ್ಸ್ ಬರೆದುಕೊಟ್ಟವರು, ಇಂಟರ್ನಲ್ಸ್ ದಿನ ಮಳೆಯಲ್ಲಿ ಕೊಡೆ ಹಿಡಿದವರು. ನನ್ನ ವಿಷಯದಲ್ಲಿ ತಪ್ಪು ಮಾಡ್ಬಿಡ್ತೀವೇನೋ ಅಂತ ಹೆದರ್ತಾರೆ, ಅಷ್ಟೇ. ಆದ್ರೆ ಹೆದರಿಕೆ ಇರೋ ಕಡೆ ಫ್ರೆಂಡ್‌ಶಿಪ್ ಬೆಳೆಯೋದು ಕಷ್ಟ. ನನ್ನ ರೂಮ್‌ಮೇಟ್‌ಗೆ ಆ ಹೆದರಿಕೆ ಹೋಗಿದ್ದು ಯಾವಾಗ ಗೊತ್ತಾ? ಒಂದು ರಾತ್ರಿ ನಾನು ಫೋನ್ ಚಾರ್ಜರ್ ಕೇಳ್ದಾಗ, ಓದ್ತಾ ಕೂತಿದ್ದವಳು ತಲೆ ಎತ್ತದೆ "ಎದ್ದು ಹೋಗಿ ತಗೊಳ್ಳೇ, ಸೋಂಬೇರಿ" ಅಂದುಬಿಟ್ಟಳು. ಅಂದಮೇಲೆ ಬೆಳ್ಳಗಾದಳು. ನಾನು ಐದು ನಿಮಿಷ ನಕ್ಕೆ. ನಾನು ವೀಲ್‌ಚೇರಲ್ಲಿದ್ದೀನಿ ಅನ್ನೋದನ್ನ ಅವಳು ಮರೆತೇಬಿಟ್ಟಿದ್ದಳು. ಈ ಕಾಲೇಜಲ್ಲಿ ನನಗೆ ಸಿಕ್ಕ ಬೆಸ್ಟ್ ಕಾಂಪ್ಲಿಮೆಂಟ್ ಅದು.

ಇದಕ್ಕೆ ಉಲ್ಟಾ ಇನ್ನೊಂದು ಕಾಂಪ್ಲಿಮೆಂಟ್ ಇದೆ. "ನೀನು ಯಾವಾಗ್ಲೂ ನಗ್ತಿರ್ತೀಯ, ಯೂ ಆರ್ ಅ ಇನ್‌ಸ್ಪಿರೇಷನ್." ನಾನು ಕ್ಯಾಂಟೀನಲ್ಲಿ ಪಫ್ಸ್ ತಿಂತಾ ಇದ್ದಾಗ ಒಬ್ಬರು ಬಂದು ಹೀಗಂದ್ರು. ಪಫ್ಸ್ ತಿನ್ನೋದರಲ್ಲಿ ಏನು ಸ್ಫೂರ್ತಿ? ಆಸ್ಟ್ರೇಲಿಯಾದ ಕಾಮಿಡಿಯನ್ ಸ್ಟೆಲ್ಲಾ ಯಂಗ್ ಅವರೂ ವೀಲ್‌ಚೇರ್ ಬಳಸ್ತಿದ್ರು. 2014ರಲ್ಲಿ ಒಂದು ಟೆಡ್‌ಎಕ್ಸ್ ಭಾಷಣದಲ್ಲಿ ಅವರು ಇದೇ ವಿಷಯ ಎತ್ತಿದ್ರು. ನಾವು ದಿನನಿತ್ಯದ ಕೆಲಸ ಮಾಡೋದನ್ನೇ ದೊಡ್ಡ ಸಾಧನೆ ಅಂತ ಹೊಗಳಿದ್ರೆ, ನಮ್ಮಿಂದ ಜನ ಎಷ್ಟು ಕಮ್ಮಿ ನಿರೀಕ್ಷೆ ಮಾಡ್ತಾರೆ ಅನ್ನೋದು ಅದರಲ್ಲೇ ಗೊತ್ತಾಗುತ್ತೆ ಅನ್ನೋದು ಅವರ ವಾದ. ಅದನ್ನ ಅವರು ಹೇಳಿದ್ದು ಜನರನ್ನ ನಗಿಸ್ತಾ ನಗಿಸ್ತಾನೇ. ನನ್ನ ಕಡೆಯಿಂದ ಒಂದು ಸೇರಿಸ್ತೀನಿ. ನಾನು ಯಾವಾಗಲೂ ನಗಲ್ಲ. ಕೆಲವು ದಿನ ಸಿಟ್ಟಲ್ಲಿರ್ತೀನಿ, ಕೆಲವು ದಿನ ಬಾತ್‌ರೂಮ್ ಬಾಗಿಲು ಚಿಕ್ಕದು ಅಂತ ಅತ್ತಿದ್ದೀನಿ. ಅವತ್ತು ನನ್ನಿಂದ ಜೋಕ್ ಕೇಳ್ಬೇಡಿ.

ಕೊನೆಗೆ ನನ್ನದೇ ಒಂದು ತಪ್ಪು ಒಪ್ಕೋಬೇಕು.

ಲ್ಯಾಬ್ ಬ್ಲಾಕಿನ ಮುಂದಿರೋ ರ‍್ಯಾಂಪ್ ನಿಮಗೆಲ್ಲ ಗೊತ್ತು. ನಾವು ಅದಕ್ಕೆ 'ನಂದಿ ಬೆಟ್ಟ' ಅಂತ ಹೆಸರಿಟ್ಟಿದ್ದೀವಿ. ನನ್ನನ್ನ ಮೇಲೆ ತಳ್ಳುವಾಗ ಫ್ರೆಂಡ್ಸ್ "ಟೋಲ್ ಕೊಡು" ಅಂತಾರೆ, ಇಳಿಸುವಾಗ ಎಫ್ ಒನ್ ಕಾಮೆಂಟರಿ ಕೊಡ್ತಾರೆ. ಒಂದು ವರ್ಷ ಅದರ ಮೇಲೆ ನೂರಾರು ಜೋಕ್ ಮಾಡಿದ್ವಿ. ಮೊನ್ನೆ ಸಿವಿಲ್‌ನ ಒಬ್ಬ ಫ್ರೆಂಡ್ ಸರ್ವೆ ಲ್ಯಾಬ್ ಮುಗಿಸಿ ಟೇಪ್ ಹಿಡ್ಕೊಂಡು ಬರ್ತಿದ್ದ. ಸುಮ್ನೆ ಅಳೆದ್ವಿ. ಎತ್ತರ ಎರಡೂವರೆ ಅಡಿ, ಉದ್ದ ಹತ್ತು ಅಡಿ. ಅಂದ್ರೆ 1:4, ಸುಮಾರು 14 ಡಿಗ್ರಿ. ಇರಬೇಕಾದದ್ದು 1:12, ಐದು ಡಿಗ್ರಿಗೂ ಕಮ್ಮಿ. ಎರಡೂವರೆ ಅಡಿ ಏರೋಕೆ ಮೂವತ್ತು ಅಡಿ ಉದ್ದ ಬೇಕು.

ಇಂಜಿನಿಯರಿಂಗ್ ಓದ್ತಿದ್ದೀವಲ್ಲ, ಲೆಕ್ಕ ಮಾಡೋಣ. ನಾನೂ ನನ್ನ ವೀಲ್‌ಚೇರೂ ಸೇರಿ 60 ಕೆಜಿ. ಘರ್ಷಣೆ ಬಿಟ್ಟುಬಿಡಿ. 1:12 ರ‍್ಯಾಂಪಲ್ಲಿ ನಾನು ಕೈಯಿಂದ ಕೊಡಬೇಕಾದ ಬಲ ಸುಮಾರು 49 ನ್ಯೂಟನ್. ಕಷ್ಟಪಟ್ಟು ನಾನೊಬ್ಬಳೇ ಹತ್ತಬಹುದು. 1:4ರಲ್ಲಿ ಸುಮಾರು 143 ನ್ಯೂಟನ್, ಹತ್ತಿರ ಹತ್ತಿರ ಮೂರು ಪಟ್ಟು. ಅಷ್ಟು ಬಲ ಹಾಕಿದ್ರೆ ಮುಂದಿನ ಸಣ್ಣ ಚಕ್ರ ಮೇಲೆದ್ದು ನಾನು ಹಿಂದಕ್ಕೆ ಮಗುಚಿಕೊಳ್ತೀನಿ. ಅಂದ್ರೆ ಆ ರ‍್ಯಾಂಪ್ ಇರೋ ತನಕ ನಾನು ಲ್ಯಾಬಿಗೆ ಹೋಗಬೇಕಾದ್ರೆ ಪ್ರತಿ ಸಲ ಯಾರನ್ನಾದ್ರೂ ಕರೀಬೇಕು. ನಾನು ಅದನ್ನ ಒಂದು ವರ್ಷ ಜೋಕ್ ಅಂದ್ಕೊಂಡಿದ್ದೆ.

ಅಲ್ಲೇ ನನಗೆ ಚುಚ್ಚಿದ್ದು. ಜೋಕ್ ಮಾಡಿದ್ರಿಂದ ಆ ರ‍್ಯಾಂಪ್ ಸಹಿಸ್ಕೊಳ್ಳೋದು ಸುಲಭ ಆಯ್ತು. ಸಹಿಸ್ಕೊಂಡಿದ್ರಿಂದ ಯಾರೂ ಒಂದು ಲೆಟರ್ ಬರೀಲಿಲ್ಲ, ನಾನೂ ಸೇರಿ. 'ಗಲಾಟೆ ಮಾಡೋ ಹುಡುಗಿ' ಅನ್ನಿಸ್ಕೊಳ್ಳೋದಕ್ಕಿಂತ 'ಜಾಲಿ ಹುಡುಗಿ' ಅನ್ನಿಸ್ಕೊಳ್ಳೋದು ನನಗೆ ಇಷ್ಟ ಇತ್ತು. ಕಾನೂನು ನೋಡಿದ್ರೆ ನಮ್ಮ ಕಡೆಗೇ ಇದೆ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಶಿಕ್ಷಣ ಸಂಸ್ಥೆಗಳ ಕಟ್ಟಡ, ಕ್ಯಾಂಪಸ್ ಎಲ್ಲರೂ ಬಳಸೋ ಹಾಗಿರ್ಬೇಕು ಅನ್ನುತ್ತೆ. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ವಿಷಯದಲ್ಲಿ ಬರೀ ಸಲಹೆಗಳು ಸಾಲದು, ಪಾಲಿಸಲೇಬೇಕಾದ ನಿಯಮ ಬೇಕು ಅಂತ ಹೇಳಿತು. ನಾನು ಯಾರ ಮೇಲೂ ಕೇಸ್ ಹಾಕ್ತಿಲ್ಲ, ಗಾಬರಿಯಾಗಬೇಡಿ. ರ‍್ಯಾಂಪ್ ಕೇಳೋದು ಭಿಕ್ಷೆ ಬೇಡೋದಲ್ಲ ಅಂತ ನನಗೇ ನಾನು ಹೇಳ್ಕೊಳ್ಳೋಕೆ ಇದನ್ನೆಲ್ಲ ಓದಬೇಕಾಯ್ತು.

ಅಪ್ಪನಿಗೆ ಫೋನಲ್ಲಿ ಇದನ್ನೆಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗಾಡಿ ನಂದು ಕಂಡೀಷನಲ್ಲಿದೆ, ರೋಡ್ ಸರಿ ಮಾಡ್ಸಿ ಅಂತ ಬರಿ" ಅಂದ್ರು. ಲೆಟರಿನ ಮೊದಲ ಸಾಲು ಅದನ್ನೇ ಸ್ವಲ್ಪ ತಿದ್ದಿ ಬರೆದಿದ್ದೀನಿ. ಜೊತೆಗೆ ಅಳತೆ, ಲೆಕ್ಕ, ಒಂದು ಡ್ರಾಯಿಂಗ್ ಇದೆ. ರ‍್ಯಾಂಪನ್ನ ಎಲ್-ಆಕಾರದಲ್ಲಿ ತಿರುಗಿಸಿದ್ರೆ ಮೂವತ್ತು ಅಡಿ ಅಲ್ಲೇ ಹಿಡಿಯುತ್ತೆ, ಮಧ್ಯದ ಲ್ಯಾಂಡಿಂಗಿಗೂ ಜಾಗ ಇದೆ. ಬೈಕ್ ಸ್ಟ್ಯಾಂಡ್ ಸ್ವಲ್ಪ ಆಚೆ ಹೋಗ್ಬೇಕು, ಅಷ್ಟೇ.

ಹಾಗಾದ್ರೆ ನೀವು ಏನು ಮಾಡ್ಬೇಕು? ತುಂಬಾ ಏನಿಲ್ಲ. ಹಿಂದಿನಿಂದ ಬಂದು ಕೇಳದೆ ತಳ್ಳಬೇಡಿ. "ತಳ್ಳಲಾ?" ಅಂತ ಒಂದು ಪದ ಸಾಕು. ನನ್ನ ಬಗ್ಗೆ ಏನಾದ್ರೂ ಕೇಳಬೇಕಾದ್ರೆ ನನ್ನನ್ನೇ ಕೇಳಿ, ಇಲ್ಲದಿದ್ರೆ ತಮ್ಮ ಮೊಸಳೆ ಬಿಡ್ತಾನೆ. ಟ್ರಿಪ್‌ಗೆ ಕರೀರಿ, ಬರೋದು ಬಿಡೋದು ನಾನು ನೋಡ್ಕೋತೀನಿ. ಜೋಕ್ ಮಾಡಿ, ಕೆಟ್ಟದಾಗಿದ್ರೆ ಕೆಟ್ಟದಾಗಿದೆ ಅಂತ ಹೇಳ್ತೀನಿ, ಆಮೇಲೆ ಇಬ್ಬರೂ ಟೀ ಕುಡಿಯೋಣ. ನಗು ಬಂದ್ರೆ ನಗಿ. ನನ್ನ ಮುಖ ನೋಡಿ ಪರ್ಮಿಶನ್ ತಗೋಬೇಡಿ.

ಲೆಟರಿಗೆ ಇಲ್ಲಿವರೆಗೆ 46 ಸೈನ್ ಬಿದ್ದಿದೆ. ಸೋಮವಾರ ಮಧ್ಯಾಹ್ನ ಆಫೀಸಿಗೆ ಕೊಡ್ತೀವಿ. ಅಲ್ಲಿವರೆಗೆ ಅದು ನನ್ನ ರೂಮ್‌ಮೇಟ್ ಹತ್ರ ಇರುತ್ತೆ, ಬಂದು ಸೈನ್ ಹಾಕಿ. ಪೆನ್ ನೀವೇ ತನ್ನಿ, ಅವಳು ಎದ್ದು ಹೋಗಿ ಪೆನ್ ಹುಡುಕಲ್ಲ. ಸೋಂಬೇರಿ.